ಒಂದು ಸೂರು, ಹಲವು ಒಲೆ: ಸದಾಶಿವ ಪೇಠದ ವಾಡೆಗಳು ಮತ್ತು ಜನವಸತಿ

1761ರ ಪಾಣಿಪತ್ ಯುದ್ಧದಲ್ಲಿ ಮಡಿದ ಸದಾಶಿವರಾವ್ ಭಾವೂನ ಹೆಸರು ಹೊತ್ತ ಪುಣೆಯ ಸದಾಶಿವ ಪೇಠದಲ್ಲಿ ಜನಸಂಖ್ಯೆಯ ಚರಿತ್ರೆಯನ್ನು ಮನೆಗಳ ಚರಿತ್ರೆಯಿಂದ ಬೇರ್ಪಡಿಸಿ ನೋಡಲಾಗದು. ಅಲ್ಲಿನ ಹಳೆಯ ಮನೆಯೆಂದರೆ ವಾಡೆ; ಬೆಳಗಾವಿ, ಧಾರವಾಡ ಸೀಮೆಯ ದೇಸಾಯರ ಮನೆಗಳಿಂದ ಕನ್ನಡಿಗರಿಗೂ ಪರಿಚಿತವಾದ ಈ ಕಟ್ಟಡದ ನಡುವೆ ‘ಚೌಕ’ವೆಂಬ ತೆರೆದ ಅಂಗಳವಿದ್ದು, ಅದರ ಸುತ್ತ ಪಡಸಾಲೆ, ಕೋಣೆಗಳಿರುತ್ತವೆ. ಕಲ್ಲಿನ ತಳಪಾಯದ ಮೇಲೆ ನಿಂತ ಸಾಗವಾನಿ ಕಂಬ-ತೊಲೆಗಳು ಭಾರ ಹೊರುತ್ತವೆ, ಇಟ್ಟಿಗೆ-ಮಣ್ಣಿನ ಗೋಡೆ ಅವುಗಳ ನಡುವಿನ ಜಾಗವನ್ನು ಮುಚ್ಚುತ್ತದೆ. ಒಂದು ಮನೆತನಕ್ಕೆ ಒಂದು ದೇವರಮನೆ, ಒಂದು ಅಡುಗೆಮನೆ ಎಂಬ ಎಣಿಕೆಯ ಮೇಲೆ ಇಡೀ ವಿನ್ಯಾಸ ನಿಂತಿದೆ.

ಭಾರತದ ಜನಗಣತಿಯೂ ಕುಟುಂಬವನ್ನು ರಕ್ತಸಂಬಂಧದಿಂದಲ್ಲ, ಒಂದೇ ಅಡುಗೆಮನೆಯಲ್ಲಿ ಉಣ್ಣುವವರ ಗುಂಪು ಎಂದೇ ಗುರುತಿಸುತ್ತದೆಯಾದ್ದರಿಂದ, ವಾಡೆಯ ಒಳಬಾಳು ಬದಲಾದ ಬಗೆಯನ್ನು ಅಳೆಯಲು ಒಲೆಗಿಂತ ನಂಬಿಕಸ್ಥ ಮಾನದಂಡ ಸಿಗದು. 1818ರಲ್ಲಿ ಪೇಶವೆ ಆಳ್ವಿಕೆ ಮುಗಿದು ಆಶ್ರಿತ ಮನೆತನಗಳ ವರಮಾನ ಕುಗ್ಗಿತು. ಇದೇ ಪೇಠದಲ್ಲಿ ಎರಡನೇ ಬಾಜಿರಾಯ ಕಟ್ಟಿಸಿದ ವಿಶ್ರಾಮಬಾಗ್ ವಾಡೆಯಲ್ಲಿ 1821ರಲ್ಲಿ ಸಂಸ್ಕೃತ ಪಾಠಶಾಲೆ ತೆರೆಯಿತು. ಮುಂದೆ ಓದು, ನೌಕರಿ ಅರಸಿ ಬಂದವರಿಗೆ ಖಾಸಗಿ ವಾಡೆಗಳ ಕೋಣೆಗಳು ಬಾಡಿಗೆಗೆ ಹೋದಂತೆ, ಪಡಸಾಲೆಗೆ ಹಲಗೆಯ ಅಡ್ಡಗೋಡೆ ಬಂದು ಒಂದೊಂದು ಖಾನೆಯಲ್ಲೂ ಒಲೆ ಹೊತ್ತಿತು. ನಲ್ಲಿ, ಶೌಚಾಲಯ ಮಾತ್ರ ಎಲ್ಲರಿಗೂ ಸೇರಿ ಅಂಗಳದಲ್ಲಿ ಉಳಿದವು. ನಗೆಗೆ ವಸ್ತುವಾಗಿರುವ ‘ಪುಣೇರಿ ಪಾಟಿ’, ಅಂದರೆ ಬಾಗಿಲಲ್ಲಿ ತೂಗುಹಾಕುವ ಕಟುಮಾತಿನ ಫಲಕ, ಇಂಥ ಹಂಚಿಕೊಂಡ ಬಾಗಿಲುಗಳ ದಾಖಲೆಯಾಗಿಯೂ ಓದಿಗೆ ಅರ್ಹವಾಗಿದೆ.

ವಾಡೆಗಳ ಅವನತಿಗೆ ಸಾಮಾನ್ಯವಾಗಿ 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಬಂದ ಪ್ರವಾಹವನ್ನು ಕಾರಣವಾಗಿ ಹೇಳಲಾಗುತ್ತದೆ. ನದಿಗೆ ಹತ್ತಿರದ ಪೇಠಗಳ ಮಣ್ಣಿನ ಗೋಡೆಗಳನ್ನು ಆ ನೀರು ಕರಗಿಸಿದ್ದು ನಿಜ. ಆದರೆ ನೀರು ಮುಟ್ಟದ ವಾಡೆಗಳೂ ಕುಸಿದುದಕ್ಕೆ ಕಾರಣವನ್ನು 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಹುಡುಕಬೇಕು. 1940ರ ಸೆಪ್ಟೆಂಬರಿನ ದರಕ್ಕೆ ಕಟ್ಟಿಹಾಕಲಾದ ಬಾಡಿಗೆಯಲ್ಲಿ ಸೂರಿನ ಹಂಚು ತಿರುವಿ ಹಾಕಿಸಲೂ ಮಾಲೀಕನಿಗೆ ಗಿಟ್ಟುತ್ತಿರಲಿಲ್ಲ, ಅಷ್ಟು ಅಗ್ಗದ ಮನೆ ಬೇರೆಲ್ಲೂ ಸಿಗದ ಬಾಡಿಗೆದಾರ ಕದಲುತ್ತಿರಲಿಲ್ಲ. ಕೊನೆಗೆ ಇಬ್ಬರಿಗೂ ಫ್ಲ್ಯಾಟ್ ಕೊಡುವ ಬಿಲ್ಡರನ ಒಪ್ಪಂದವೇ ದಾರಿಯಾಯಿತು.

2011ರ ಗಣತಿಯ ವೇಳೆಗೆ ಪುಣೆ ಮಹಾನಗರಪಾಲಿಕೆಯ ಜನಸಂಖ್ಯೆ 31 ಲಕ್ಷ ದಾಟಿತ್ತು. ಈಗ ಸದಾಶಿವ ಪೇಠದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆಂದು ಮಹಾರಾಷ್ಟ್ರದ ಹಳ್ಳಿಗಳಿಂದ ಬಂದ ತರುಣರು ‘ಕಾಟ್ ಬೇಸಿಸ್’ ಮೇಲೆ, ಅಂದರೆ ಕೋಣೆಗಲ್ಲದೆ ಒಂದು ಮಂಚಕ್ಕೆ ಬಾಡಿಗೆ ತೆತ್ತು, ಇರುತ್ತಾರೆ. ಮಲಗುವುದು ಇಲ್ಲಿ, ಉಣ್ಣುವುದು ಬೀದಿಯಾಚೆಯ ಖಾನಾವಳಿಯಲ್ಲಿ.