ಮೂಳೆಗಡ್ಡೆ ಮತ್ತು ಲೋಹದ ಮಂಡಿ: ಕಾಲು ಉಳಿಸಿದ ಚರಿತ್ರೆ

1977ರ ಮಾರ್ಚ್ ತಿಂಗಳಲ್ಲಿ ಕೆನಡಾ ದೇಶದ ಟೆರ್ರಿ ಫಾಕ್ಸ್ ಎಂಬ 18 ವರ್ಷದ ತರುಣನ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು. ಮಂಡಿಯ ಬಳಿ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಬೆಳೆದಿತ್ತು. 1980ರಲ್ಲಿ ಈ ತರುಣ ಕೃತಕ ಕಾಲಿನಲ್ಲೇ 143 ದಿನ ಓಡಿ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದ. ಮರುವರ್ಷ ರೋಗ ಮರುಕಳಿಸಿದ್ದರಿಂದ ತೀರಿಕೊಂಡ.

ಅಂದು ಈ ರೋಗಕ್ಕೆ ಕಾಲು ಕತ್ತರಿಸುವುದೇ ವಾಡಿಕೆಯ ಚಿಕಿತ್ಸೆ. ಆದರೂ ಹತ್ತರಲ್ಲಿ ಎಂಟು ಮಂದಿ ಬದುಕುತ್ತಿರಲಿಲ್ಲ. ರೋಗ ಆಗಲೇ ಶ್ವಾಸಕೋಶ ಸೇರಿರುತ್ತಿತ್ತು. 1970ರ ದಶಕದಲ್ಲಿ ಮೆಥೋಟ್ರೆಕ್ಸೇಟ್, ಡಾಕ್ಸೊರುಬಿಸಿನ್ ಮೊದಲಾದ ಔಷಧಗಳು ಬಂದ ಮೇಲೆ ಚಿತ್ರ ಬದಲಾಯಿತು. ಆರಂಭದಲ್ಲೇ ಪತ್ತೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕತೊಡಗಿದರು. ಜೀವ ಉಳಿಯುವುದಾದರೆ ಕಾಲನ್ನೂ ಏಕೆ ಉಳಿಸಬಾರದು ಎಂಬ ಪ್ರಶ್ನೆ ಆಗ ಮುಂದೆ ಬಂತು.

ಲೋಹದ ಮೂಳೆ ಹೊಸದೇನೂ ಆಗಿರಲಿಲ್ಲ. ಇಂಗ್ಲೆಂಡಿನ ಸ್ಟ್ಯಾನ್‌ಮೋರ್ ಎಂಬಲ್ಲಿ 1950ರ ಸುಮಾರಿಗೇ ಅಂಥವನ್ನು ಜೋಡಿಸುತ್ತಿದ್ದರು. ಆದರೆ ಇದು ಸಂಧಿವಾತದವರಿಗೆ ಮಾಡುವ ಮಂಡಿ ಬದಲಾವಣೆಯಂತಲ್ಲ. ಅಲ್ಲಿ ಸವೆದ ತುದಿಗಳನ್ನಷ್ಟೇ ತೆಗೆಯುತ್ತಾರೆ, ಅಕ್ಕಪಕ್ಕದ ಕಟ್ಟುಗಳು ಉಳಿದಿರುತ್ತವೆ. ಇಲ್ಲಿ ಗಡ್ಡೆಯೊಂದಿಗೆ ತೊಡೆಮೂಳೆಯ ಉದ್ದನೆಯ ಭಾಗ, ಕಟ್ಟುಗಳು, ಒಂದಷ್ಟು ಮಾಂಸಖಂಡ ಎಲ್ಲವೂ ಹೋಗುತ್ತವೆ. ಆದ್ದರಿಂದ ಮೇಲಿನ ಲೋಹವನ್ನೂ ಕೆಳಗಿನ ಲೋಹವನ್ನೂ ಬಾಗಿಲಿನ ಕೀಲಿನಂತೆ ಬಂಧಿಸಬೇಕಾಗುತ್ತದೆ.

ತೊಂದರೆ ಆರಂಭವಾದದ್ದು ಆ ಕೀಲಿನಿಂದಲೇ. ನಮ್ಮ ಸಹಜ ಮಂಡಿ ಮಡಚುವುದರ ಜೊತೆಗೆ ತುಸು ತಿರುಗುತ್ತದೆ ಕೂಡ. ಬಾಗಿಲಿನ ಕೀಲು ತಿರುಗದು. ತಡೆದ ಆ ತಿರುಚಿನ ಬಲವೆಲ್ಲ ಲೋಹದ ಕಂಬಿಯನ್ನು ಮೂಳೆಯೊಳಗೆ ಹಿಡಿದಿಟ್ಟ ಸಿಮೆಂಟಿನ ಮೇಲೆ ಬೀಳುತ್ತದೆ. ವರ್ಷಗಳು ಕಳೆದಂತೆ ಅದು ಸಡಿಲಗೊಳ್ಳುತ್ತದೆ. 1,001 ರೋಗಿಗಳನ್ನು ಕುರಿತು 1996ರಲ್ಲಿ ಪ್ರಕಟವಾದ ಬ್ರಿಟಿಷ್ ವರದಿಯ ಪ್ರಕಾರ, ತೊಡೆಮೂಳೆಯ ಕೆಳಭಾಗದ ಜೋಡಣೆ ಹತ್ತು ವರ್ಷ ಸಡಿಲಗೊಳ್ಳದೆ ಉಳಿಯುವ ಸಂಭವ ಶೇಕಡ 67.4 ಮಾತ್ರ. ಎಳೆಯ ವಯಸ್ಸಿನವರಲ್ಲಿ ಅಪಾಯ ಇನ್ನೂ ಹೆಚ್ಚು.

1990ರ ದಶಕದಲ್ಲಿ ತಿರುಗಬಲ್ಲ ಕೀಲು ಬಳಕೆಗೆ ಬಂತು. ಮೂಳೆಯ ಖನಿಜವನ್ನೇ ಹೋಲುವ ಹೈಡ್ರಾಕ್ಸಿ ಅಪಟೈಟ್ ಲೇಪಿಸಿದ ಬಳೆಯೊಂದನ್ನು ಮೂಳೆಯೂ ಲೋಹವೂ ಸೇರುವೆಡೆ ಇಟ್ಟರು; ಮೂಳೆ ಅದರೊಳಕ್ಕೆ ಬೆಳೆದು ಬೆಸೆದುಕೊಂಡಿತು. ಬರ್ಮಿಂಗ್‌ಹ್ಯಾಮ್‌ನ ವೈದ್ಯರು 335 ರೋಗಿಗಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಸಡಿಲಗೊಂಡು ಹತ್ತು ವರ್ಷದೊಳಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಹಳೆಯ ಕೀಲಿನಲ್ಲಿ ಶೇಕಡ 35, ತಿರುಗುವ ಕೀಲಿನಲ್ಲಿ 24, ಬಳೆಯೂ ಇದ್ದಾಗ ಸೊನ್ನೆ.

ಆದರೆ ಒಂದು ತೊಂದರೆ ಹಿಂದೆ ಸರಿದಾಗ ಇನ್ನೊಂದು ಮುಂದೆ ನಿಂತಿತು. ಹೊಸ ಮಂಡಿಗಳು ಕೆಡುವುದಕ್ಕೆ ಮುಖ್ಯ ಕಾರಣ ಸೋಂಕು ಮತ್ತು ಕಂಬಿ ಮುರಿಯುವುದು. ಕ್ಯಾನ್ಸರ್ ಔಷಧಗಳಿಂದ ಬಿಳಿ ರಕ್ತಕಣಗಳು ಕುಗ್ಗಿರುತ್ತವೆ, ಒಳಗಿನ ಲೋಹ ದೊಡ್ಡದು, ಅದನ್ನು ಹೊದಿಸಲು ಮಾಂಸ ಕಡಿಮೆ. ಮಂಡಿಯ ಕೆಳಗಿನ ಮೂಳೆಗೆ ಮುಂಭಾಗದಲ್ಲಿ ಬರಿಯ ಚರ್ಮದ ಹೊದಿಕೆ. ಅಲ್ಲಿ ಮೀನಖಂಡದ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ಹೊದಿಸತೊಡಗಿದ ಮೇಲೆ ಸೋಂಕು ಶೇಕಡ 36ರಿಂದ 12ಕ್ಕೆ ಇಳಿಯಿತೆಂದು 1999ರಲ್ಲಿ ವರದಿಯಾಯಿತು. ಶಸ್ತ್ರಚಿಕಿತ್ಸೆಯ ನಂತರ ಒಂದು ದಿನದ ಬದಲು ಐದು ದಿನ ಆ್ಯಂಟಿಬಯೋಟಿಕ್ ಕೊಟ್ಟರೂ ಹೆಚ್ಚಿನ ಪ್ರಯೋಜನವಿಲ್ಲವೆಂದು 2022ರಲ್ಲಿ 604 ರೋಗಿಗಳ ಅಂತರರಾಷ್ಟ್ರೀಯ ಪರೀಕ್ಷೆ ತೋರಿಸಿತು. ಸೋಂಕು ಬೇರೂರಿದರೆ ಲೋಹವನ್ನೆಲ್ಲ ತೆಗೆದು, ನಂಜು ಆರಿದ ಮೇಲೆ ಹೊಸದನ್ನು ಕೂರಿಸಬೇಕಾದೀತು. ಕೆಲವೊಮ್ಮೆ ಉಳಿಸಿದ ಕಾಲನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಈ ಚರಿತ್ರೆಯಿಂದ ರೋಗಿಯೂ ಮನೆಯವರೂ ತಿಳಿಯಬೇಕಾದದ್ದು ಇಷ್ಟು. ಬರ್ಮಿಂಗ್‌ಹ್ಯಾಮ್ ಲೆಕ್ಕದಲ್ಲಿ ಯಾವುದಾದರೊಂದು ಕಾರಣಕ್ಕೆ ಇಪ್ಪತ್ತು ವರ್ಷದೊಳಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಶೇಕಡ 58. ಹದಿನೈದರ ಹುಡುಗನಿಗೆ ಜೋಡಿಸಿದ ಮಂಡಿ ಜೀವಮಾನವಿಡೀ ಬಾಳುತ್ತದೆಂದು ಭಾವಿಸಬಾರದು. ಕ್ಯಾನ್ಸರ್ ವಾಸಿಯಾಯಿತೆಂದು ತಪಾಸಣೆ ಬಿಡುವುದೂ ಸಲ್ಲದು. ಹೊಸದಾಗಿ ನೋವು, ಊತ, ಜ್ವರ, ಗಾಯದಿಂದ ಕೀವು ಕಂಡರೆ ಎಣ್ಣೆ ನೀವುತ್ತಾ ಕೂರದೆ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಕೂಡಲೇ ಕಾಣಬೇಕು.

ಹಿಂದಿನವರಲ್ಲಿ ಬಹುಪಾಲು ಮಂದಿ ಮಂಡಿ ಸಡಿಲಗೊಳ್ಳುವಷ್ಟು ಕಾಲ ಬದುಕುತ್ತಿರಲಿಲ್ಲ. ಇಂದಿನವರು ಬದುಕುತ್ತಿದ್ದಾರೆ, ಅದಕ್ಕೇ ಈ ತೊಂದರೆಗಳು ಕಾಣುತ್ತಿವೆ.