ಜನಜಂಗುಳಿಯ ಲೆಕ್ಕ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕ್ಯಾಲಿಫೋರ್ನಿಯಾದಿಂದ ದೂರವಾಣಿಯಲ್ಲಿ ಮಾತನಾಡಿದ. ಎಂಬತ್ತರ ದಶಕದಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು, ಪಾಠ ಮುಗಿಯುವ ಹೊತ್ತಿಗೆ ಸರಿಯಾಗಿ ಒಂದು ತೊಡಕಿನ ಪ್ರಶ್ನೆ ಕೇಳುತ್ತಿದ್ದವನು ಅವನು. ಆ ಅಭ್ಯಾಸ ಇನ್ನೂ ಹೋಗಿಲ್ಲವೆಂದು ತಿಳಿದು ಸಂತೋಷವಾಯಿತು. ಊರಿನಿಂದ ಯಾವ ನೆಂಟರು ಬಂದರೂ ಅವರನ್ನು ಅನಾಹೈಮ್‌ನ ಡಿಸ್ನಿಲ್ಯಾಂಡಿಗೆ ಕರೆದೊಯ್ಯುವುದು ಅವನ ಮನೆಯ ಪದ್ಧತಿಯಂತೆ.

"ಮೇಷ್ಟ್ರೇ, ಹೋದಾಗಲೆಲ್ಲ ಹಿಂದಿನ ಸಲಕ್ಕಿಂತ ಜನ ಹೆಚ್ಚಾಗಿಯೇ ಕಾಣುತ್ತಾರೆ. ಪತ್ರಿಕೆಗಳಲ್ಲಿ ನೋಡಿದರೆ ಜನ ಕಡಿಮೆಯಾಗಿದ್ದಾರೆ ಎಂದು ಬರೆಯುತ್ತಾರೆ. ನೀವು ಇತಿಹಾಸ ಕಲಿಸಿದವರು. ಯಾವುದು ನಿಜ ಹೇಳಿ" ಎಂದ.

ನಾನು ಅಂದು ಏನೋ ಒಂದು ಉತ್ತರ ಕೊಟ್ಟು ಜಾರಿಕೊಂಡೆ. ಆದರೆ ಪ್ರಶ್ನೆ ಮನಸ್ಸಿನಲ್ಲಿಯೇ ಉಳಿಯಿತು. ಅದಕ್ಕೆ ಎರಡು ಕಾರಣಗಳು. ಮೊದಲನೆಯದು, 2009ರಲ್ಲಿ ಮಗಳ ಮನೆಗೆ ಹೋಗಿದ್ದಾಗ ನಾನೂ ಆ ಉದ್ಯಾನದ ಸರದಿಯಲ್ಲಿ ಬಿಸಿಲಿಗೆ ನಿಂತವನು. ಎರಡನೆಯ ಕಾರಣವನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ.

ಪ್ರಶ್ನೆಗೆ ಉತ್ತರಿಸುವ ಮೊದಲು ಪ್ರಶ್ನೆಯನ್ನೇ ಪರೀಕ್ಷಿಸಬೇಕೆಂದು ತರಗತಿಯಲ್ಲಿ ಹೇಳುತ್ತಿದ್ದೆನಷ್ಟೆ. ಜನ ಹೆಚ್ಚಾದರು ಎಂದರೆ ಒಂದು ದಿನದಲ್ಲಿ ಹೆಚ್ಚಾದರೋ, ಒಂದು ವರ್ಷದಲ್ಲಿ ಹೆಚ್ಚಾದರೋ, ಅಥವಾ ನಮ್ಮ ಮುಂದಿನ ಸಾಲಿನಲ್ಲಿ ಹೆಚ್ಚಾದರೋ? ಈ ಮೂರೂ ಬೇರೆ ಬೇರೆ ಲೆಕ್ಕಗಳು. ಇವುಗಳನ್ನು ಬೆರೆಸಿದ್ದರಿಂದಲೇ ನನ್ನ ವಿದ್ಯಾರ್ಥಿಯ ಗೊಂದಲ ಹುಟ್ಟಿದೆ.

ಇತಿಹಾಸವನ್ನು ಸ್ವಲ್ಪ ಹಿಂದಿನಿಂದ ನೋಡೋಣ. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ದಕ್ಷಿಣ ತುದಿಯಲ್ಲಿ ಕೋನಿ ಐಲೆಂಡ್ ಎಂಬ ಕಡಲತೀರವಿದೆ. ಅಲ್ಲಿ 1895ರಲ್ಲಿ ಪಾಲ್ ಬಾಯ್ಟನ್ ಎಂಬ ಈಜುಗಾರ ಸುತ್ತ ಬೇಲಿ ಹಾಕಿ, ಬಾಗಿಲಲ್ಲಿ ಹಣ ಪಡೆದು ಜನರನ್ನು ಒಳಗೆ ಬಿಡುವ ಸೀ ಲಯನ್ ಪಾರ್ಕನ್ನು ತೆರೆದ. ಅದಕ್ಕೆ ಹಿಂದೆ ಆ ತೀರದ ಆಟಗಳೆಲ್ಲ ನಮ್ಮ ಜಾತ್ರೆಯಂತೆ ಬಿಡಿಬಿಡಿಯಾಗಿದ್ದವು. ಯಾರು ಬೇಕಾದರೂ ಬರಬಹುದು, ಬೇಕಾದ ಆಟಕ್ಕೆ ಮಾತ್ರ ಕಾಸು ಕೊಡಬಹುದು. ಬಾಯ್ಟನ್ನನ ಬೇಲಿಯ ಹಿಂದೆಯೇ 1897ರಲ್ಲಿ ಸ್ಟೀಪಲ್‌ಚೇಸ್, 1903ರಲ್ಲಿ ಲೂನಾ ಪಾರ್ಕ್, 1904ರಲ್ಲಿ ಡ್ರೀಮ್‌ಲ್ಯಾಂಡ್ ಎಂಬ ಮೂರು ದೊಡ್ಡ ಉದ್ಯಾನಗಳು ಬಂದವು. ಮನೆಮನೆಗೆ ವಿದ್ಯುತ್ತು ಬಾರದಿದ್ದ ಆ ಕಾಲದಲ್ಲಿ ಲೂನಾ ಪಾರ್ಕಿನ ಲಕ್ಷಾಂತರ ದೀಪಗಳನ್ನು ನೋಡುವುದಕ್ಕೆಂದೇ ಜನ ಬರುತ್ತಿದ್ದರು.

ಆದರೆ ಕೋನಿ ಐಲೆಂಡಿನ ಮಹಾ ಜನಸಂದಣಿಯನ್ನು ತಂದದ್ದು ಈ ದೀಪಗಳಿಗಿಂತ ಹೆಚ್ಚಾಗಿ ರೈಲು. 1920ರ ಹೊತ್ತಿಗೆ ನಗರದ ಸಬ್‌ವೇ ರೈಲು ಕಡಲತೀರದವರೆಗೆ ಬಂದಿತು. ಪ್ರಯಾಣದರ ಐದು ಸೆಂಟು. ಬಟ್ಟೆ ಗಿರಣಿಯ ಹೆಣ್ಣುಮಕ್ಕಳು, ಬಂದರಿನ ಕೂಲಿಗಳು, ಯೂರೋಪಿನಿಂದ ಬಂದು ಇಕ್ಕಟ್ಟಿನ ವಠಾರಗಳಲ್ಲಿ ವಾಸಿಸುತ್ತಿದ್ದ ಕುಟುಂಬಗಳು, ಎಲ್ಲರಿಗೂ ಸಮುದ್ರ ಐದು ಸೆಂಟಿನಷ್ಟು ಹತ್ತಿರವಾಯಿತು. ಬೇಸಿಗೆಯ ಭಾನುವಾರಗಳಂದು ಹತ್ತು ಲಕ್ಷ ಜನ ಸೇರುತ್ತಿದ್ದರೆಂದು ಆ ಕಾಲದ ಪತ್ರಿಕೆಗಳು ಬರೆದವು. ಬಾಗಿಲಿಲ್ಲದ ತೀರದಲ್ಲಿ ತಲೆ ಎಣಿಸಿದವರಾರು ಎಂದು ನೀವು ಕೇಳಬಹುದು. ಅದು ಅಂದಾಜೇ ಸರಿ. ಆದರೂ ವೀಜೀ ಎಂಬ ಛಾಯಾಗ್ರಾಹಕ 1940ರ ಜುಲೈಯಲ್ಲಿ ತೆಗೆದ ಚಿತ್ರವನ್ನು ನೋಡಿದವರಿಗೆ ಆ ಅಂದಾಜಿನ ಮೇಲೆ ಅಪನಂಬಿಕೆ ಹುಟ್ಟುವುದಿಲ್ಲ. ಅದರಲ್ಲಿ ಮರಳು ಕಾಣುವುದಿಲ್ಲ, ತಲೆಗಳಷ್ಟೇ ಕಾಣುತ್ತವೆ.

ಆ ಜನಸಾಗರವೂ ಇಳಿಯಿತು. ಡ್ರೀಮ್‌ಲ್ಯಾಂಡ್ 1911ರಲ್ಲಿಯೇ ಬೆಂಕಿಗೆ ಆಹುತಿಯಾಗಿತ್ತು. ಲೂನಾ ಪಾರ್ಕಿಗೆ 1944ರಲ್ಲಿ ಬೆಂಕಿ ಬಿದ್ದಿತು. ಸ್ಟೀಪಲ್‌ಚೇಸ್ 1964ರಲ್ಲಿ ಬಾಗಿಲು ಮುಚ್ಚಿತು. ಬೆಂಕಿಯೊಂದೇ ಕಾರಣವಲ್ಲ. ಯುದ್ಧಾನಂತರ ಮಧ್ಯಮ ವರ್ಗದವರ ಕೈಗೆ ಕಾರು ಬಂದಿತು, ಮನೆಗೆ ಟೆಲಿವಿಷನ್ ಬಂದಿತು, ಸೆಕೆಗೆ ಹವಾನಿಯಂತ್ರಣ ಯಂತ್ರ ಬಂದಿತು. ಜನ ನಗರ ಬಿಟ್ಟು ಹೊರವಲಯದ ಬಡಾವಣೆಗಳಿಗೆ ಹೋದರು. 2010ರಲ್ಲಿ ಕೋನಿ ಐಲೆಂಡಿನಲ್ಲಿ ಹೊಸದೊಂದು ಲೂನಾ ಪಾರ್ಕ್ ಆರಂಭವಾಯಿತಾದರೂ ಹಳೆಯ ಹತ್ತು ಲಕ್ಷದ ಭಾನುವಾರಗಳು ಮರಳಲಿಲ್ಲ.

ಹೀಗೆ ಕಾರಿನಲ್ಲಿ ಹೊರಟ ಕುಟುಂಬಗಳಿಗಾಗಿಯೇ ದೇಶದ ಇನ್ನೊಂದು ತುದಿಯಲ್ಲಿ ವಾಲ್ಟ್ ಡಿಸ್ನಿಯವರು ಬೇರೆ ಬಗೆಯ ಉದ್ಯಾನವನ್ನು ಕಟ್ಟಿದರು. ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ರಂದು. ಅದಕ್ಕೆ ಒಂದೇ ಹೆಬ್ಬಾಗಿಲು. ಹೊರಗಿನ ಲೋಕ ಒಳಗಿನವರ ಕಣ್ಣಿಗೆ ಬೀಳದಂತೆ ಸುತ್ತಲೂ ಮಣ್ಣಿನ ದಿಬ್ಬ. ಮೊದಲ ದಿನ ಆಹ್ವಾನಿತರಿಗಿಂತ ಬಹಳ ಹೆಚ್ಚು, ಸುಮಾರು 28,000 ಜನ ನುಗ್ಗಿದರು. ಅವರಲ್ಲಿ ಅನೇಕರ ಕೈಯಲ್ಲಿದ್ದುದು ನಕಲಿ ಟಿಕೆಟ್. ಎಂಟು ವಾರ ತುಂಬುವ ಮೊದಲೇ ಹತ್ತು ಲಕ್ಷದ ಅತಿಥಿ ಒಳಗೆ ಬಂದರು. ಎಲ್ಲರೂ ಬೆರಗಾದರು. ಆದರೆ ಗಮನಿಸಿ, ಕೋನಿ ಐಲೆಂಡಿನಲ್ಲಿ ಒಂದೇ ಭಾನುವಾರ ಸೇರುತ್ತಿದ್ದರೆನ್ನಲಾದ ಜನ ಇಲ್ಲಿ ಸೇರಲು ಏಳು ವಾರಕ್ಕಿಂತ ಹೆಚ್ಚು ಬೇಕಾಯಿತು. ಬಾಗಿಲಿರುವ ಜಾತ್ರೆಗೂ ಬಾಗಿಲಿಲ್ಲದ ಜಾತ್ರೆಗೂ ಇರುವ ಅಂತರ ಇದು.

ಮುಂದಿನ ಐವತ್ತು ವರ್ಷಗಳಲ್ಲಿ ಡಿಸ್ನಿಲ್ಯಾಂಡಿನ ಜನಸಂಖ್ಯೆ ಏರಿತು ಎಂಬುದರಲ್ಲಿ ಸಂದೇಹವಿಲ್ಲ. 1957ರ ಕೊನೆಯ ವೇಳೆಗೆ ಒಟ್ಟು ಒಂದು ಕೋಟಿ ಜನ ಬಂದಿದ್ದರು, ಎಂದರೆ ವರ್ಷಕ್ಕೆ ಸರಾಸರಿ ನಲವತ್ತು ಲಕ್ಷ. ಥೀಮ್ಡ್ ಎಂಟರ್‌ಟೇನ್‌ಮೆಂಟ್ ಅಸೋಸಿಯೇಷನ್ ಎಂಬ ಉದ್ಯಮ ಸಂಘ ಪ್ರಕಟಿಸುವ ಅಂದಾಜಿನಂತೆ 2006ರಲ್ಲಿ ಬಂದವರು ಸುಮಾರು 1.47 ಕೋಟಿ, 2019ರಲ್ಲಿ 1.87 ಕೋಟಿ. ಇವು ಅಂದಾಜುಗಳೆಂಬುದನ್ನು ನೆನಪಿಡಬೇಕು, ಏಕೆಂದರೆ ಡಿಸ್ನಿ ಸಂಸ್ಥೆ ಒಂದೊಂದು ಉದ್ಯಾನದ ಲೆಕ್ಕವನ್ನು ಬಹಿರಂಗಪಡಿಸುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ಮೂವತ್ತು ವರ್ಷ, ಜನ ವಿರಳವಾದ ಋತುಗಳಲ್ಲಿ ವಾರಕ್ಕೆ ಒಂದೆರಡು ದಿನ ಡಿಸ್ನಿಲ್ಯಾಂಡಿಗೆ ರಜೆಯಿತ್ತು. ವರ್ಷವಿಡೀ ವಾರದ ಏಳೂ ದಿನ ತೆರೆದಿರುವ ಪದ್ಧತಿ ಬಂದದ್ದು 1985ರಲ್ಲಿ. ದಿನಗಳು ಹೆಚ್ಚಾದಾಗ ವರ್ಷದ ಮೊತ್ತ ಹೆಚ್ಚುವುದು ಸಹಜ. ಆದ್ದರಿಂದ ವರ್ಷದ ಮೊತ್ತ ನಾಲ್ಕು ಪಟ್ಟಾಯಿತೆಂದ ಮಾತ್ರಕ್ಕೆ ಪ್ರತಿ ದಿನದ ನೂಕುನುಗ್ಗಲೂ ನಾಲ್ಕು ಪಟ್ಟಾಯಿತೆಂದು ಹೇಳುವಂತಿಲ್ಲ.

ಬಳಿಕ ಕೋವಿಡ್ ಬಂದಿತು. 2020ರ ಮಾರ್ಚ್ 14ರಂದು ಮುಚ್ಚಿದ ಬಾಗಿಲು ತೆರೆದದ್ದು 2021ರ ಏಪ್ರಿಲ್ 30ರಂದು, ಅದೂ ಮೊದಮೊದಲು ಮಿತ ಸಂಖ್ಯೆಯ ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಮಾತ್ರ. 2023ರ ಅಂದಾಜು ಸುಮಾರು 1.72 ಕೋಟಿ. ಹಾಗಾಗಿ 2019ಕ್ಕೆ ಹೋಲಿಸಿದರೆ ಜನ ಕಡಿಮೆ ಎಂದು ಬರೆದ ಪತ್ರಿಕೆ ಸುಳ್ಳು ಹೇಳಿಲ್ಲ.

ಹಾಗಿದ್ದರೆ ನನ್ನ ವಿದ್ಯಾರ್ಥಿಯ ಕಣ್ಣು ಸುಳ್ಳು ಹೇಳಿತೇ? ಅದೂ ಇಲ್ಲ. 1999ರಲ್ಲಿ ಡಿಸ್ನಿ ಉದ್ಯಾನಗಳಲ್ಲಿ ಫಾಸ್ಟ್‌ಪಾಸ್ ಎಂಬ ವ್ಯವಸ್ಥೆ ಬಂದಿತು. ಚೀಟಿ ಪಡೆದವರು ಸರದಿಯಲ್ಲಿ ನಿಲ್ಲಬೇಕಾಗಿಲ್ಲ, ಚೀಟಿಯಲ್ಲಿ ನಮೂದಿಸಿದ ಹೊತ್ತಿಗೆ ಬಂದರೆ ಸಾಕು. ಆ ವ್ಯವಸ್ಥೆ ಉಚಿತವಾಗಿತ್ತು. 2021ರಿಂದ ಅದರ ಸ್ಥಾನದಲ್ಲಿ ಹಣ ಕೊಟ್ಟು ಮುಂದೆ ಹೋಗುವ ಸಾಲು ಬಂದಿದೆ. ಇದರ ಪರಿಣಾಮ ಎರಡು ಬಗೆಯದು. ಹಿಂದೆ ಸರದಿಯಲ್ಲಿ ನಿಂತಿರುತ್ತಿದ್ದವರು ಈಗ ತಮ್ಮ ಹೊತ್ತು ಬರುವವರೆಗೆ ಬೀದಿಗಳಲ್ಲಿ ಅಡ್ಡಾಡುತ್ತಾರೆ, ಆದ್ದರಿಂದ ಬೀದಿ ತುಂಬಿದಂತೆ ಕಾಣುತ್ತದೆ. ಹಣ ಕೊಟ್ಟವರ ಸಾಲನ್ನು ಮೊದಲು ಒಳಗೆ ಬಿಡುವುದರಿಂದ, ಕೊಡದವರ ಸಾಲು ನಿಧಾನವಾಗಿ ಸರಿಯುತ್ತದೆ. ಮುಂದೆ ನಿಂತವರು ಅಷ್ಟೇ ಮಂದಿಯಾದರೂ ಕಾಲುನೋವು ಹೆಚ್ಚು. 2009ರಲ್ಲಿ ನನ್ನ ಶ್ರೀಮತಿ ಒಂದು ಕಲ್ಲುಕಟ್ಟೆಯ ಮೇಲೆ ಕುಳಿತು, "ಧರ್ಮಸ್ಥಳದ ಸಾಲಾದರೂ ಮೇಲು, ಕೊನೆಯಲ್ಲಿ ಊಟವಿರುತ್ತದೆ" ಎಂದಿದ್ದಳು. ಆಗ ಇನ್ನೂ ಹಣದ ಸಾಲು ಬಂದಿರಲಿಲ್ಲ.

ಜನ ಕಡಿಮೆಯಾಗಿದ್ದು ಆಸಕ್ತಿ ಕುಂದಿದ್ದರಿಂದಲೇ ಎಂದು ಕೇಳಿದರೆ ಜಪಾನಿನ ಉದಾಹರಣೆ ಉತ್ತರ ಕೊಡುತ್ತದೆ. 1983ರಲ್ಲಿ ತೆರೆದ ಟೋಕಿಯೋ ಡಿಸ್ನಿಲ್ಯಾಂಡನ್ನೂ 2001ರಲ್ಲಿ ಅದರ ಪಕ್ಕದಲ್ಲಿ ತೆರೆದ ಡಿಸ್ನಿಸೀಯನ್ನೂ ನಡೆಸುವುದು ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನೀ ಕಂಪನಿ. ಅದು ತನ್ನ ಲೆಕ್ಕವನ್ನು ತಾನೇ ಪ್ರಕಟಿಸುತ್ತದೆ. 2018ರ ಏಪ್ರಿಲ್‌ನಿಂದ 2019ರ ಮಾರ್ಚ್‌ವರೆಗೆ ಎರಡೂ ಉದ್ಯಾನಗಳಿಗೆ ಬಂದವರು ಸುಮಾರು 3.25 ಕೋಟಿ. ಅದು ದಾಖಲೆ. ಐದು ವರ್ಷಗಳ ನಂತರ, 2023-24ರಲ್ಲಿ, ಬಂದವರು ಸುಮಾರು 2.75 ಕೋಟಿ. ಅರ್ಧ ಕೋಟಿ ಜನ ಕಡಿಮೆ. ಆದರೆ ಕಂಪನಿಯ ವರಮಾನ ದಾಖಲೆ ಮುಟ್ಟಿದ್ದು ಈ ಎರಡನೆಯ ವರ್ಷದಲ್ಲಿ. ಒಳಗೆ ಬಿಡುವವರ ಸಂಖ್ಯೆಯನ್ನು ಮಿತಗೊಳಿಸಿದರು, ದಿನಕ್ಕೊಂದು ದರ ಗೊತ್ತುಮಾಡಿದರು, ಒಳಗೆ ಬಂದವರು ತಲಾ ಹೆಚ್ಚು ಖರ್ಚು ಮಾಡಿದರು. ಇಲ್ಲಿ ಜನ ಕಡಿಮೆಯಾದದ್ದು ಸೋಲಲ್ಲ, ಬೇಕೆಂದೇ ಆರಿಸಿಕೊಂಡ ನೀತಿ.

ಅನಾಹೈಮ್‌ನಲ್ಲಿಯೂ ದಾರಿ ಅದೇ. 1955ರ ಅಕ್ಟೋಬರ್‌ನಲ್ಲಿ ಪ್ರವೇಶವೂ ಎಂಟು ಆಟಗಳೂ ಸೇರಿದ ಟಿಕೆಟ್ ಪುಸ್ತಕದ ಬೆಲೆ ವಯಸ್ಕರಿಗೆ ಎರಡೂವರೆ ಡಾಲರ್. ಬೆಲೆಯೇರಿಕೆಯನ್ನು ಲೆಕ್ಕ ಹಾಕಿದರೆ ಇಂದಿನ ಸುಮಾರು ಮೂವತ್ತು ಡಾಲರಿಗೆ ಸಮ. 2016ರಿಂದ ದಿನದ ಬೇಡಿಕೆಗೆ ತಕ್ಕಂತೆ ದರ ಬದಲಾಗತೊಡಗಿತು. 2024ರ ಅಕ್ಟೋಬರ್‌ನ ಏರಿಕೆಯ ನಂತರ ಒಂದು ದಿನದ ಟಿಕೆಟ್ ಕನಿಷ್ಠ 104 ಡಾಲರ್, ಹೆಚ್ಚು ಬೇಡಿಕೆಯ ದಿನ 206 ಡಾಲರ್ ಆಗಿತ್ತು. ಆಟಗಳ ಸಂಖ್ಯೆ ಈಗ ಹೆಚ್ಚಿದೆ, ಎಷ್ಟು ಬೇಕಾದರೂ ಆಡಬಹುದು ಎಂಬುದು ನಿಜ. ಆದರೂ ಆ ಏರಿಕೆಯ ಹೊತ್ತಿಗೇ ಬಾಗಿಲು ದಾಟುವುದು ಮೂರರಿಂದ ಏಳು ಪಟ್ಟು ದುಬಾರಿಯಾಗಿತ್ತು.

ಹೀಗಾಗಿ ನನ್ನ ವಿದ್ಯಾರ್ಥಿಗೆ ಕೊಡುವ ಉತ್ತರ ಇಷ್ಟು. ಎಪ್ಪತ್ತು ವರ್ಷಗಳ ಅವಧಿಯಲ್ಲಿ ನೋಡಿದರೆ ಜನ ಬಹಳ ಹೆಚ್ಚಿದ್ದಾರೆ. 2019ರಿಂದ ಈಚೆಗೆ ನೋಡಿದರೆ ಸ್ವಲ್ಪ ಕುಗ್ಗಿದ್ದಾರೆ. ಸಾಲಿನಲ್ಲಿ ನಿಂತವನಿಗೆ ಮಾತ್ರ ಎಂದೂ ಕಡಿಮೆಯಾಗಿಲ್ಲ. ಕೋನಿ ಐಲೆಂಡಿನ ಕಾಲದಲ್ಲಿ ಜನಸಂದಣಿಯನ್ನು ನಿರ್ಧರಿಸಿದ್ದು ಬಿಸಿಲು ಮತ್ತು ಐದು ಸೆಂಟಿನ ರೈಲು. ಇಂದು ನಿರ್ಧರಿಸುವುದು ದರಪಟ್ಟಿ.

ಇನ್ನು ಎರಡನೆಯ ಕಾರಣಕ್ಕೆ ಬರುತ್ತೇನೆ.

ನನ್ನ ನಿವೃತ್ತಿಗೆ ಮುಂಚಿನ ವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಬೆಂಗಳೂರಿನ ಸಮೀಪದ ಒಂದು ಮನರಂಜನಾ ಉದ್ಯಾನಕ್ಕೆ ಪ್ರವಾಸ ಕರೆದೊಯ್ದಿದ್ದೆ. ತರಗತಿಯಲ್ಲಿದ್ದವರು 54 ಮಕ್ಕಳು. ಬಸ್ಸು ಹತ್ತಿದವರು 46. ಬಸ್ಸಿನಲ್ಲಿ ಎರಡು ಬಾರಿ, ಬಾಗಿಲಲ್ಲಿ ಒಂದು ಬಾರಿ, ಹಿಂದಿರುಗುವಾಗ ಮತ್ತೆರಡು ಬಾರಿ ತಲೆ ಎಣಿಸಿದೆ. ಪ್ರತಿ ಸಲವೂ 46 ಸರಿಯಾಗಿ ಬಂದಿತು. ಪ್ರವಾಸ ಸುಸೂತ್ರವಾಯಿತೆಂದು ವರದಿ ಬರೆದೆ. ಬಾರದ ಎಂಟು ಮಂದಿಯನ್ನು ನಾನು ಒಮ್ಮೆಯೂ ಎಣಿಸಲಿಲ್ಲ. ಒಬ್ಬನಿಗೆ ಜ್ವರ, ಒಬ್ಬಳ ಮನೆಯಲ್ಲಿ ಹಬ್ಬ, ಹೀಗೆ ಏನೇನೋ ಕಾರಣ ಹೇಳಿದ್ದರು. ಪ್ರವಾಸದ ಶುಲ್ಕ ಕಟ್ಟಲಾಗಲಿಲ್ಲವೆಂದು ಒಬ್ಬರೂ ಹೇಳಿರಲಿಲ್ಲ. ಕೇಳುವ ಕೆಲಸ ನನ್ನದಾಗಿತ್ತು, ಕೇಳಲಿಲ್ಲ.

ಮಾರನೆಯ ದಿನ ಜ್ವರವೆಂದು ಹೇಳಿದ್ದ ಹುಡುಗ ಬೆಳಿಗ್ಗೆಯೇ ಬಂದು ಕಪ್ಪುಹಲಗೆ ಒರೆಸುತ್ತಿದ್ದ. ನನ್ನನ್ನು ಕಂಡು, "ಸಾರ್, ಅಲ್ಲಿ ತುಂಬಾ ಜನ ಇದ್ರಾ?" ಎಂದು ಕೇಳಿದ.

ಅಂದು ಬುಧವಾರವಾಗಿತ್ತು. ಜನ ಹೆಚ್ಚೇನೂ ಇರಲಿಲ್ಲ, ಮಕ್ಕಳು ಒಂದೊಂದು ಆಟವನ್ನೂ ಎರಡೆರಡು ಸಲ ಆಡಿದ್ದರು. ಆದರೆ ನಾನು, "ಕಾಲಿಡೋಕೆ ಜಾಗ ಇರಲಿಲ್ಲ ಕಣೋ" ಎಂದೆ.

"ಹಾಗಾದ್ರೆ ಬರದೇ ಇದ್ದದ್ದೇ ಒಳ್ಳೇದಾಯ್ತು ಸಾರ್" ಎಂದು ಅವನು ಮತ್ತೆ ಹಲಗೆ ಒರೆಸತೊಡಗಿದ.

ನಾನು ಮಕ್ಕಳಿಗೆ ಹೇಳಿದ ಸುಳ್ಳುಗಳು ಹೆಚ್ಚಿಲ್ಲ. ಅವುಗಳಲ್ಲಿ ಇದೊಂದು. ಕರುಣೆಯಿಂದ ಹೇಳಿದೆನೋ, ನನ್ನ ಮುಜುಗರವನ್ನು ಮುಚ್ಚಿಕೊಳ್ಳಲು ಹೇಳಿದೆನೋ, ಇಂದಿಗೂ ನಿಶ್ಚಯವಾಗಿ ತಿಳಿಯದು. ಆ ತರಗತಿಯವರು ಕೆಲವರು ಇದನ್ನು ಓದುತ್ತೀರಿ ಎಂದು ಬಲ್ಲೆ. ಅವನೂ ಓದುತ್ತಿದ್ದರೆ ತಿಳಿಯಲಿ, ಅಂದು ಅಲ್ಲಿ ಜನ ಕಡಿಮೆ ಇದ್ದರು. ಇನ್ನೂ ಎಂಟು ಮಕ್ಕಳಿಗೆ ಧಾರಾಳವಾಗಿ ಜಾಗವಿತ್ತು.

ಬಾಗಿಲಲ್ಲಿ ಕುಳಿತು ಬರೆದ ಲೆಕ್ಕ ಒಳಗೆ ಬಂದವರ ಲೆಕ್ಕ ಮಾತ್ರ. ಒಂದು ಕೋಟಿ ಎಂದಿರಲಿ, ಎರಡು ಕೋಟಿ ಎಂದಿರಲಿ, ಹೊರಗೆ ಉಳಿದವರು ಅದರಲ್ಲಿ ಸೇರುವುದಿಲ್ಲ. ಇನ್ನು ಮುಂದೆ ಪತ್ರಿಕೆಯಲ್ಲಿ ಜನ ಹೆಚ್ಚಿದರು, ಕುಗ್ಗಿದರು ಎಂದು ಓದಿದಾಗ, ಯಾರು ಬಂದರು, ಯಾರು ಬರಲಾಗಲಿಲ್ಲ ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. ನಿಮ್ಮಲ್ಲಿ ಈಗ ಅಧ್ಯಾಪಕರಾಗಿರುವವರು, ಪ್ರವಾಸದ ಬಸ್ಸು ಹೊರಡುವ ಮೊದಲು ಹಾಜರಿ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ನನ್ನಿಂದಾಗದ ಕೆಲಸ ನಿಮ್ಮಿಂದಾಗಲಿ.