ಗಣಕಯಂತ್ರದಲ್ಲಿ ಕನ್ನಡ ಬರೆಹ

ಗಣಕಯಂತ್ರವನ್ನು ಕೊಳ್ಳಹೊರಟವರು ಅದರ ಬೆಲೆಯನ್ನೂ ವೇಗವನ್ನೂ ವಿಚಾರಿಸುವರು. ಕನ್ನಡದಲ್ಲಿ ಬರೆಯುವವರು ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: ಇದರಲ್ಲಿ ಬರೆದುದು ಯಾವ ರೂಪದಲ್ಲಿ ಉಳಿಯುವುದು? ಈ ಪ್ರಶ್ನೆಗೊಂದು ಇತಿಹಾಸವಿದೆ.

ಇಂಗ್ಲಿಷಿಗೆಂದು ರಚಿತವಾದ ಕೀಲಿಮಣೆಯಲ್ಲಿ ನಮ್ಮ ಕಾಗುಣಿತ, ಒತ್ತಕ್ಷರಗಳೆಲ್ಲ ಅಡಗುವುದೆಂತು? ಕಿನ್ನಿಕಂಬಳ ಪದ್ಮನಾಭರಾಯರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರದ ಕ್ರಮವನ್ನು ಹಿಡಿದರು. ಮೊದಲು ವ್ಯಂಜನ, ಬಳಿಕ ಸ್ವರ. ಕೂಡಿಸಿ ಬರೆಯುವ ಕೆಲಸ ಯಂತ್ರದ್ದು. ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ಅವರ ವಿನ್ಯಾಸವೇ ಕನ್ನಡ ಗಣಕ ಪರಿಷತ್ತಿನ 'ನುಡಿ'ಗೂ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು.

ಆದರೆ ಯಂತ್ರದೊಳಗೆ ಅಕ್ಷರವೆಂಬುದು ಬರಿಯ ಅಂಕೆ. ಆ ಕಾಲದ ತಂತ್ರಾಂಶಗಳು ಇಂಗ್ಲಿಷಿನ ಅಂಕೆಗಳಿಗೇ ಕನ್ನಡದ ವೇಷ ತೊಡಿಸಿದ್ದವು. ಗಡಿನಾಡಿನವರಾದ ನಮಗೆ ತೊಡಕು ಇಮ್ಮಡಿ: ಕನ್ನಡ, ಮಲೆಯಾಳ ಎರಡೂ ಬೇಕಾದ ಪತ್ರದಲ್ಲಿ ಒಂದೇ ಅಂಕೆ ಒಂದು ಸಾಲಿನಲ್ಲಿ ಕನ್ನಡವಾಗಿಯೂ ಮುಂದಿನ ಸಾಲಿನಲ್ಲಿ ಮಲೆಯಾಳವಾಗಿಯೂ ತೋರುತ್ತಿತ್ತು. ಆ ಅಕ್ಷರಮಾದರಿಗಳಿಲ್ಲದ ಯಂತ್ರಕ್ಕೆ ಕಳುಹಿದರೆ ಎರಡೂ ಅರ್ಥವಿಲ್ಲದ ರೋಮನ್ ಚಿಹ್ನೆಗಳೇ!

1991ರಲ್ಲಿ ಪ್ರಕಟವಾದ ಯೂನಿಕೋಡ್ ಮೊದಲ ಆವೃತ್ತಿಯು ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಅದನ್ನು ಹೊಂದಿಕೊಂಡೇ ಮಲೆಯಾಳಕ್ಕೂ ಅಷ್ಟೇ. ನೆಲದಲ್ಲಿರುವಂತೆ ಅಲ್ಲಿಯೂ ಇವೆರಡು ನೆರೆಹೊರೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡಕ್ಕೆ ಸ್ಥಾನ ದೊರೆಯಿತು.

ಹಳೆಯ ಕಡತಗಳನ್ನು ಇಟ್ಟುಕೊಂಡಿರುವವರು, ಅವುಗಳನ್ನು ತೆರೆಯಬಲ್ಲ ಯಂತ್ರ ಕೆಡುವ ಮುನ್ನವೇ, ಪರಿವರ್ತಕದಿಂದ ಯೂನಿಕೋಡಿಗೆ ತರುವುದು ಲೇಸು. ತಂದ ಮೇಲೆ ಅರ್ಕಾವೊತ್ತುಗಳನ್ನು ಕಣ್ಣಿಟ್ಟು ನೋಡಬೇಕು. ಅವು ದಾರಿಯಲ್ಲಿ ಸ್ಥಾನ ತಪ್ಪುವುದುಂಟು.